ತೇಯದ ಹುಣಸೆ ಬೀಜ

ನಮ್ಮ ಬೀದಿಯಲ್ಲಿ ಬೆಳಗಿನ ಹೊತ್ತು ಸೈಕಲ್ ಹತ್ತಿ ಹೋಗುವಂತಿರಲಿಲ್ಲ. ಹಾಲಿನವನೂ ಇಳಿದು, ಗೋಡೆಗೆ ಒತ್ತಿಕೊಂಡು, ಸೈಕಲ್ಲನ್ನು ತಳ್ಳಿಕೊಂಡೇ ಹೋಗಬೇಕಿತ್ತು. ಬೀದಿಯ ಉದ್ದಕ್ಕೂ ನೂಲು ಎಳೆದಿರುತ್ತಿದ್ದರು. ಕೊಯಮತ್ತೂರಿನಿಂದ ಬಸ್ಸು ತುಡಿಯಲೂರು ದಾಟಿದ ಮೇಲೆ ಇಳಿದು ಒಳಗೆ ನಡೆದರೆ ಸಿಗುವ ಬೀದಿ ಅದು. ಎರಡೂ ಸಾಲಿನಲ್ಲಿ ನೇಯುವ ನಮ್ಮವರೇ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಮಗ್ಗಕ್ಕೆ ಏರಿಸುವ ಮುಂಚೆ ಸೀರೆಯ ಉದ್ದದ ಎಳೆಗಳನ್ನು ಹೀಗೆ ಬೀದಿಯಲ್ಲಿ ಬಿಗಿಯಾಗಿ ಎಳೆದು ಕಟ್ಟಿ, ಅಕ್ಕಿ ಗಂಜಿ ಹಚ್ಚಿ, ಕುಂಚದಿಂದ ತೀಡಿ ಒಣಗಿಸಬೇಕು. ಕನ್ನಡದ ಪುಸ್ತಕಗಳಲ್ಲಿ ಇದಕ್ಕೆ ಹಾಸು ಎನ್ನುತ್ತಾರೆಂದು ನನಗೆ ತಿಳಿದದ್ದು ಮದುವೆಯಾಗಿ ಮೈಸೂರಿಗೆ ಬಂದು ಕನ್ನಡದ ಅಕ್ಷರ ಕಲಿತ ಮೇಲೆ. ನಮ್ಮ ಬಾಯಲ್ಲಿ ಅದು ಪಾವು.

ಪಾವು ಒಬ್ಬರ ಕೈಲಾಗುವ ಕೆಲಸವಲ್ಲ. ಎರಡು ತುದಿಯಲ್ಲಿ ಎಳೆದು ಹಿಡಿಯುವವರು ಬೇಕು, ಎರಡು ಪಕ್ಕದಲ್ಲಿ ಕುಂಚ ಹಿಡಿದು ನಡೆಯುವವರು ಬೇಕು, ಕಡಿದ ಎಳೆಗಳನ್ನು ಹುಡುಕಿ ಗಂಟು ಹಾಕುವವರು ಬೇಕು. ಬಿಸಿಲು ಏರುವುದರೊಳಗೆ ಎಲ್ಲ ಮುಗಿಯಬೇಕು. ಇವತ್ತು ನಿಮ್ಮ ಪಾವಿಗೆ ನಾವು, ನಾಳೆ ನಮ್ಮ ಪಾವಿಗೆ ನೀವು. ಹೀಗೆ ಮುಯ್ಯಾಳಿನ ಮೇಲೆ ಬೀದಿ ನಡೆಯುತ್ತಿತ್ತು. ಜಗಳವಾಡಿದವರೂ ಮಾತು ಬಿಟ್ಟು ಕುಂಚ ಹಿಡಿಯುತ್ತಿದ್ದರು. ಬೀದಿಯೇ ಕೈ ಬಿಟ್ಟರೆ ಆ ಮನೆಯ ಮಗ್ಗ ನಿಂತಂತೆಯೇ.

ನನಗೆ ಚಿಕ್ಕಂದಿನಿಂದಲೂ ಅನುಮಾನದ ಬುದ್ಧಿ. ಯಾರಾದರೂ ಕರೆದು ಕೈಗೆ ಬೆಲ್ಲ ಕೊಟ್ಟರೆ, ಯಾಕೆ ಕೊಟ್ಟರು ಎಂದು ಯೋಚಿಸದೆ ಬಾಯಿಗೆ ಹಾಕಿಕೊಂಡವಳಲ್ಲ. ಎಂಬತ್ತರ ದಶಕದ ನಡುವಿನಲ್ಲಿ ನಾನು ಕೊಯಮತ್ತೂರಿನ ಕಾಲೇಜಿನಲ್ಲಿ ಗಣಿತ ಓದುತ್ತಿದ್ದೆ. ಬೀದಿಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು ನಾನೇ ಆದ್ದರಿಂದ ಬೀದಿಗೂ ನನ್ನ ಮೇಲೆ ಸ್ವಲ್ಪ ಅನುಮಾನವಿತ್ತು. ಲೆಕ್ಕ ಸಮವಾಗಿತ್ತು ಅನ್ನಿ.

ಆ ವರ್ಷಗಳಲ್ಲಿ ನಮ್ಮ ಬೀದಿಯ ಮಾನವೆಲ್ಲ ಒಂದು ಅಂಚಿನ ಮೇಲೆ ನಿಂತಿತ್ತು. ಸಾಲಾಗಿ ಗಿಳಿ, ಗಿಳಿಯ ಕೊಕ್ಕಿನಲ್ಲಿ ಮಾವಿನ ಎಲೆ. ಅದನ್ನು ಕಲ್ಪಿಸಿದವರು ಮೂಲೆಮನೆಯ ತಾತ. ಮಗ್ಗದ ಮೇಲೆ ಆ ಚಿತ್ತಾರಕ್ಕೆ ಬೇಕಾದ ದಾರಗಳನ್ನು ಕಟ್ಟುವ ವಿದ್ಯೆಗೆ ನಾವು ಕಟ್ಟು ಎನ್ನುತ್ತಿದ್ದೆವು. ಎಲ್ಲ ಮನೆಯ ಮಗ್ಗಕ್ಕೂ ತಾತನೇ ಕಟ್ಟು ಕಟ್ಟಿಕೊಟ್ಟಿದ್ದರು. ಕಣ್ಣು ಮಂಜಾಗತೊಡಗಿದ ಮೇಲೆ ಒಬ್ಬಳಿಗೆ ಮಾತ್ರ ಅದನ್ನು ಕಲಿಸಿದರು. ಅವಳು ನನ್ನ ಸೋದರತ್ತೆ, ಅಪ್ಪನ ಅಕ್ಕ. ಗಂಡ ಸತ್ತ ಮೇಲೆ ಒಬ್ಬಳೇ ಮಗ್ಗ ನಡೆಸುತ್ತಿದ್ದವಳು.

ಗಿಳಿಯಂಚನ್ನು ನಾವು ಕಾದದ್ದೇ ಕಾದದ್ದು! ಹೊರಗಿನವರು ಮನೆಗೆ ಬಂದರೆ ಮಗ್ಗದ ಮೇಲೆ ಬೆಡ್‌ಶೀಟ್ ಎಳೆಯುತ್ತಿದ್ದೆವು. ಬೇರೆ ಊರಿಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು ತವರಿಗೆ ಬಂದರೆ ಅವರಿಗೂ ಅದೇ ಬೆಡ್‌ಶೀಟ್‌ನ ದರ್ಶನ. ನೇಯ್ದ ಸೀರೆಯನ್ನು ಮಡಚಿ, ನೂಲು ಕೊಟ್ಟ ಮುದಲಾಳಿಯ ಕೈಗೆ ಒಪ್ಪಿಸಿ ಕೂಲಿ ತಂದರೆ ಮುಗಿಯಿತು. ಆ ಸೀರೆ ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಿದವರಲ್ಲ. ನಮ್ಮ ಹೆಂಗಸರಲ್ಲಿ ಒಬ್ಬರೂ ಗಿಳಿಯಂಚಿನ ಸೀರೆ ಉಟ್ಟಿರಲಿಲ್ಲ. ಉಡುವಷ್ಟು ಅನುಕೂಲ ಯಾರಿಗಿತ್ತು?

ಹೀಗಿರುವಾಗ ಪಲ್ಲಡದ ಕಡೆಯಿಂದ ಮದುವೆಯೊಂದಕ್ಕೆ ಬಂದ ನೆಂಟರ ಹೆಂಗಸೊಬ್ಬಳು ಗಿಳಿಯಂಚಿನ ಸೀರೆ ಉಟ್ಟು ಬೀದಿಯಲ್ಲಿ ನಡೆದಳು. ಪವರ್‌ಲೂಮಿನಲ್ಲಿ ಹೊಡೆದ ಸೀರೆ. ಗಿಳಿ ಕೊಂಚ ದಪ್ಪ, ಮಾವಿನ ಎಲೆ ಕೊಂಚ ಮೊಂಡು, ಆದರೆ ನಮ್ಮದೇ. ಊಟದ ಎಲೆಯ ಮುಂದೆ ಕುಳಿತ ಮೂಲೆಮನೆ ತಾತ ಆ ಅಂಚನ್ನು ನೋಡಿದವರು, ಅನ್ನ ಮುಟ್ಟದೆ ಎದ್ದರು. ಅವರ ಮುಖ ನೋಡಲಾಗುತ್ತಿರಲಿಲ್ಲ.

ಸಂಜೆ ಜಗುಲಿಯ ಮೇಲೆ ಕೂತು ಎಲ್ಲರಿಗೂ ಕೇಳುವಂತೆ ಹೇಳಿದರು: "ಕಟ್ಟು ಗೊತ್ತಿರೋದು ಇಬ್ರಿಗೆ. ಒಬ್ಬ ನಾನು. ಇನ್ನೊಬ್ಳು ಯಾರೂಂತ ನಾ ಹೇಳ್ಬೇಕಾ?"

ಅತ್ತೆ ಎದುರಿಗೇ ನಿಂತಿದ್ದಳು. "ದೊಡ್ಡಪ್ಪ, ನಾ ಯಾರ್ಗೂ ಕೊಡ್ಲಿಲ್ಲ," ಎಂದಳು. ಅಷ್ಟೇ. ಅಳಲೂ ಇಲ್ಲ, ಆಣೆ ಹಾಕಲೂ ಇಲ್ಲ. ಅದೇ ತಪ್ಪಾಯಿತೇನೋ, ಅತ್ತು ಕರೆದಿದ್ದರೆ ನಂಬುತ್ತಿದ್ದರು.

ಮೊದಲ ದಿನಗಳಲ್ಲಿ ಬೀದಿಗೆ ಬೀದಿಯೇ ಅತ್ತೆಯ ಕಡೆಗಿತ್ತು. ಛೆ, ಆಕೆ ಅಂಥವಳಲ್ಲ ಎನ್ನುವವರೇ ಎಲ್ಲರೂ. ಕಳ್ಳಿ ಎಂದವರು ನಾಲ್ವರು ಮಾತ್ರ: ತಾತ, ಅವರ ತಮ್ಮ, ಇಬ್ಬರು ಅಳಿಯಂದಿರು. ಆದರೆ ಆ ನಾಲ್ವರು ಹೇಳುತ್ತಲೇ ಇದ್ದರು. ಟೀ ಅಂಗಡಿಯಲ್ಲಿ ಹೇಳಿದರು, ರೇಷನ್ ಅಂಗಡಿಯ ಸಾಲಿನಲ್ಲಿ ಹೇಳಿದರು, ಬೇರೆಯವರ ಪಾವಿನಲ್ಲಿ ಕುಂಚ ತೀಡುತ್ತಾ ಹೇಳಿದರು. ಕೂಗಾಟವಿಲ್ಲ, ಹೊಸ ಆಧಾರವಿಲ್ಲ. ಅದೇ ಮಾತು, ಅದೇ ದನಿ. ಮಿಕ್ಕವರಿಗೆ ಒಲೆ, ಮಗ್ಗ, ಮಕ್ಕಳ ಜ್ವರ. ಅತ್ತೆಯ ಪರವಾಗಿ ದಿನವೂ ಬಾಯಿ ತೆರೆಯುವ ಪುರುಸೊತ್ತು ಯಾರಿಗಿತ್ತು? ಬೀದಿಯಲ್ಲಿ ಹತ್ತು ಮಾತು ಕಿವಿಗೆ ಬಿದ್ದರೆ ಎಂಟು ಆ ನಾಲ್ವರದೇ ಇರುತ್ತಿತ್ತು.

ನನಗೋ ಆ ನಾಲ್ವರ ಮೇಲೆ ಗುಮಾನಿ ಹತ್ತಿತು. ಮೈಯೆಲ್ಲ ಕಣ್ಣಾಗಿ ಕಾದೆ. ತಾತನಿಗೆ ಅತ್ತೆಯ ಮನೆಯ ಮೇಲೆ ಕಣ್ಣೆ? ತಮ್ಮನಿಗೆ ಪವರ್‌ಲೂಮಿನವರ ಸಹವಾಸವೆ? ಅಳಿಯಂದಿರು ಭಾನುವಾರ ಎಲ್ಲಿಗೆ ಹೋಗುತ್ತಾರೆ? ಒಬ್ಬನ ಹಿಂದೆ ಒಮ್ಮೆ ಬಸ್ಸನ್ನೂ ಹತ್ತಿದೆ. ಅವನು ಗಾಂಧಿಪುರದಲ್ಲಿ ಇಳಿದು ಸಿನಿಮಾ ಟಾಕೀಸಿನ ಸಾಲಿನಲ್ಲಿ ನಿಂತ. ನನ್ನ ಅನುಮಾನಕ್ಕೆ ಸಿಕ್ಕ ಫಲ ಇಷ್ಟೆ.

ಆಮೇಲೆ ತಾತ ಆನೈಮಲೈಗೆ ಹೋಗಿ ಮೆಣಸಿನಕಾಯಿ ಅರೆಯುತ್ತೇನೆ ಎಂದರು. ನಮ್ಮ ಕಡೆ ಕಳವಾದರೆ, ಮೋಸವಾದರೆ, ಕೊನೆಯ ಬಾಗಿಲು ಅದು. ಮಾಸಾಣಿ ಅಮ್ಮನ ಗುಡಿಯಲ್ಲಿ ಒಣ ಮೆಣಸಿನಕಾಯನ್ನು ಕಲ್ಲಿನ ಮೇಲೆ ಅರೆದು, ಅಲ್ಲಿ ನ್ಯಾಯ ಕೊಡುವ ಕಲ್ಲಿಗೆ ಬಳಿದು ಬಂದರೆ, ತಪ್ಪು ಮಾಡಿದವನಿಗೆ ಉರಿ ಹತ್ತುತ್ತದೆಂಬ ನಂಬಿಕೆ. "ತಪ್ಪಿಲ್ದೋಳು ನಮ್ ಜೊತೇಲೇ ಬಂದು ಅರೀಲಿ," ಎಂದರು ತಾತ.

ಅತ್ತೆ ಹೋದಳು. ನಾನೂ ಜೊತೆಗೆ ಹೋದೆ. ಪೊಳ್ಳಾಚಿಯಲ್ಲಿ ಬಸ್ಸು ಬದಲಿಸಿ, ತೆಂಗಿನ ತೋಟಗಳ ನಡುವೆ ಹೋಗುವಾಗ ತಾತ ಮುಂದಿನ ಸೀಟಿನಲ್ಲಿ, ಅತ್ತೆ ಹಿಂದಿನ ಸೀಟಿನಲ್ಲಿ. ಕಿಟಕಿಯಿಂದ ಬಿಸಿಲು ಬೀಳುತ್ತಿದೆಯೆಂದು ಅತ್ತೆ ತನ್ನ ಟವೆಲನ್ನು ಮುದುಕನ ಕಡೆಗೆ ಚಾಚಿದಳು. ಅವರು ತಿರುಗಿಯೂ ನೋಡಲಿಲ್ಲ. ಗುಡಿಯಲ್ಲಿ ಮೊದಲು ಅವರು ಅರೆದರು, ಅದೇ ಕಲ್ಲಿನ ಮೇಲೆ ಆಮೇಲೆ ಇವಳು.

ಮಾರನೆಯ ಬೆಳಿಗ್ಗೆ ಅತ್ತೆಯ ಎರಡೂ ಅಂಗೈ ಕೆಂಪಗೆ ಊದಿಕೊಂಡಿದ್ದವು. ಮಗ್ಗದ ಮುಂದೆ ಕೂರಲಾಗಲಿಲ್ಲ. ತಾತನ ಕೈಗೆ ಏನೂ ಆಗಿರಲಿಲ್ಲ. ಪ್ರಾಯದಲ್ಲಿ ಬಣ್ಣದ ತೊಟ್ಟಿಯಲ್ಲಿ ನೂಲು ಅದ್ದಿ ಅದ್ದಿ ಅವರ ಅಂಗೈ ಚಪ್ಪಲಿಯ ಅಟ್ಟೆಯಂತಾಗಿತ್ತು. ಮೆಣಸಿನಕಾಯಿ ಅರೆದರೆ ಕೈ ಉರಿಯದೆ ತಂಪಾಗುತ್ತದೆಯೆ? ಅಡುಗೆಮನೆಯಲ್ಲಿ ದಿನವೂ ಖಾರ ಅರೆಯುವ ಹೆಂಗಸರೇ ಕಿಟಕಿಯಲ್ಲಿ ಇಣುಕಿ, "ಕೈ ಉರೀತಂತಲ್ಲ, ಆಮಾ, ನಿಜಾನಾ?" ಎಂದು ಪಿಸುಗುಟ್ಟಿದರು. ನನಗೆ ಮೈಯೆಲ್ಲ ಉರಿದುಹೋಯಿತು. ನಾಲ್ವರು ಆ ಮಾತನ್ನು ಅಷ್ಟು ದಿನ ಬೀದಿಯಲ್ಲಿ ಬಿತ್ತಿರದಿದ್ದರೆ ಊದಿದ ಕೈ ಬರೀ ಊದಿದ ಕೈಯಾಗಿಯೇ ಇರುತ್ತಿತ್ತು.

ಅಮಾವಾಸ್ಯೆಯ ದಿನ ಚೌಡಮ್ಮನ ಗುಡಿಯ ಮುಂದೆ ಬೀದಿಯ ಗಂಡಸರು ಸೇರುವುದು ವಾಡಿಕೆ. ಅಲ್ಲಿ ಕೈಯೆತ್ತಿಸಿ ತಲೆ ಎಣಿಸುವುದಿಲ್ಲ. ಮಾತು ಮುಗಿದ ಮೇಲೆ ವೀಳ್ಯದೆಲೆಯ ತಟ್ಟೆ ಸುತ್ತು ಬರುತ್ತದೆ. ಒಪ್ಪಿದವನು ಎಲೆ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಾನೆ. ಕೂತವರಲ್ಲಿ ಒಬ್ಬ ತೆಗೆಯದಿದ್ದರೂ ಮಾತು ಮುಗಿದಂತಲ್ಲ, ಮುಂದಿನ ಅಮಾವಾಸ್ಯೆಗೆ ಮತ್ತೆ ಅದೇ. ಕೇಳಲು ಬಹಳ ನ್ಯಾಯವಾಗಿದೆ. ಆದರೆ ಹೀಗೆ ನಡೆದಲ್ಲಿ ಗೆಲ್ಲುವುದು ಸರಿಯಿದ್ದವನಲ್ಲ, ದಣಿಯದವನು. ಹೋಗಲಿ ಬಿಡೋಣ ಎಂಬ ಮಾತಿನ ಮೇಲೆ ತಟ್ಟೆ ಬಂದಾಗಲೆಲ್ಲ ನಾಲ್ವರು ಎಲೆ ಮುಟ್ಟಿರಲಿಲ್ಲ. ಕೈ ಊದಿದ ತಿಂಗಳು ಮಾತು ತಿರುಗಿತು: ಇನ್ನು ಮೇಲೆ ಅವಳ ಪಾವಿಗೆ ಬೀದಿ ಹೋಗಬಾರದು. ಅಪ್ಪ ಅಕ್ಕನನ್ನು ಬಿಟ್ಟುಕೊಡುವುದಿಲ್ಲ ಎಂಬ ನಂಬಿಕೆ ನನ್ನದು. ಅವರೊಬ್ಬರು ತೆಗೆಯದಿದ್ದರೆ ಸಾಕಲ್ಲ.

ಅಪ್ಪ ಮನೆಗೆ ಬಂದಾಗ ಬಾಯಿ ಕೆಂಪಾಗಿತ್ತು.

ಅಜ್ಜಿ, ಅಂದರೆ ಅಪ್ಪನಿಗೂ ಅತ್ತೆಗೂ ತಾಯಿ, ಮಗನ ಬಾಯಿ ನೋಡಿ ಎದ್ದು ಒಳಗೆ ಹೋದರು. "ನಾ ಒಬ್ನೇ ಕೂತಿದ್ದೆ. ಎಲ್ಲಾ ನನ್ನೇ ನೋಡ್ತಾ ಇದ್ರು," ಎಂದರು ಅಪ್ಪ, ಯಾರೂ ಕೇಳದಿದ್ದರೂ. ಆ ರಾತ್ರಿ ನಾನು ಅವರಿಗೆ ಊಟ ಬಡಿಸಲಿಲ್ಲ.

ಅತ್ತೆಯ ಮುಂದಿನ ಪಾವಿಗೆ ಬಂದವರು ನಾನು, ಅಜ್ಜಿ, ಮತ್ತು ಅತ್ತೆ. ಜಗುಲಿಗಳ ಮೇಲೆ ಜನ ನಿಂತು ನೋಡಿದರು. ನಾನು ಒಂದು ತುದಿಯಿಂದ ಗಂಜಿ ಹಚ್ಚಿ ಬರುವುದರೊಳಗೆ ಇನ್ನೊಂದು ತುದಿ ಬಿಸಿಲಿಗೆ ಒಣಗಿ ಎಳೆಗೆ ಎಳೆ ಅಂಟಿತು. ಬಿಡಿಸಲು ಹೋದರೆ ಕಡಿಯಿತು. ಅಷ್ಟೂ ನೂಲು ಹಾಳು. ಹಾಗೆ ಇನ್ನೊಂದು ಪಾವು ಹೋದರೆ ಮುದಲಾಳಿ ನೂಲು ಕೊಡುವುದನ್ನು ನಿಲ್ಲಿಸುತ್ತಾನೆ. ಆಮೇಲೆ ಅತ್ತೆಗೆ ಮಿಲ್ಲಿನ ಗೇಟೇ ಗತಿ. ಅತ್ತೆ ಕಂಬದ ಗಂಟು ಬಿಚ್ಚಿ, ಅಂಟಿದ ನೂಲನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಒಳಗೆ ಹೋದಳು. ಅವಳ ಬೆನ್ನು ನೋಡಿ ನನಗೆ ಅಳು ತಡೆಯಲಾಗಲಿಲ್ಲ.

ಕೆಲವು ದಿನದ ಮೇಲೆ ಗೆಳತಿಯ ಮದುವೆಯ ಸೀರೆಗೆಂದು ಒಪ್ಪಣಕಾರ ಬೀದಿಯ ಅಂಗಡಿಯೊಂದಕ್ಕೆ ಹೋದೆ. ಗಾಜಿನ ಬೀರುವಿನಲ್ಲಿ ನಮ್ಮ ಗಿಳಿಗಳು ಸಾಲಾಗಿ ನಿಂತಿದ್ದವು. ನಮ್ಮ ಬೀದಿಯ ಮಗ್ಗದ್ದೇ, ಕೈನೇಯ್ಗೆಯದೇ. ಅದರ ಮೇಲೆ ಬೆಡ್‌ಶೀಟ್ ಇರಲಿಲ್ಲ. ಸೇಲ್ಸಿನವನು ಅದನ್ನು ತೆಗೆದು ನನ್ನ ಮುಂದೆ ಫಟ್ಟನೆ ಹರಡಿ, ತಮಿಳಿನಲ್ಲಿ ಹೇಳಿದ: ಹೊಸ ಅಂಚು ಯಾವುದು ಬಂದರೂ ಪವರ್‌ಲೂಮಿನವರು ಒಂದು ಸೀರೆ ಕೊಂಡುಹೋಗುತ್ತಾರೆ, ಬಿಚ್ಚಿ ಎಳೆ ನೋಡುತ್ತಾರೆ, ಅಷ್ಟರಲ್ಲೇ ಅದು ಎಲ್ಲೆಡೆ ಬಂದುಬಿಡುತ್ತದೆ ಮೇಡಂ, ನೀವು ಬೇಗ ತೆಗೆದುಕೊಳ್ಳಿ.

ಕಟ್ಟನ್ನು ಯಾರೂ ಕೊಟ್ಟಿರಲಿಲ್ಲ. ಕಟ್ಟು ಯಾರಿಗೂ ಬೇಕಾಗಿಯೇ ಇರಲಿಲ್ಲ. ಬಟ್ಟೆಯೊಂದು ಸಾಕು. ಮಗ್ಗವನ್ನು ಮುಚ್ಚಿ ಮುಚ್ಚಿ ಕಾದ ನಾವು, ನೇಯ್ದದ್ದೆಲ್ಲವನ್ನೂ ಪೇಟೆಗೆ ಕಳಿಸುತ್ತಿದ್ದೆವು. ಅಂಥ ಸೀರೆ ಕೊಂಡು ಅಭ್ಯಾಸವಿಲ್ಲದ ನಮಗೆ ಅದು ಯಾರಿಗೆ ಬೇಕಾದರೂ ಮಾರಾಟವಾಗುತ್ತದೆ ಎಂಬುದೇ ಹೊಳೆದಿರಲಿಲ್ಲ.

ಓಡಿ ಬಂದು ಅಪ್ಪನಿಗೆ ಹೇಳಿದೆ. "ಇರ್ಬಹುದು," ಎಂದು ಅಪ್ಪ ಹೇಳಿದರು. "ಆದ್ರೆ ಬೀದಿ ಎಲ್ಲಾ ಒಂದು ಹೇಳುವಾಗ…" ಟೀ ಅಂಗಡಿಯ ಹತ್ತಿರ ಹೇಳಿದೆ, ತಲೆಯಾಡಿಸಿದರು. ಸಂಜೆಯ ಹೊತ್ತಿಗೆ ತಾತ ಅಲ್ಲಿ ಕೂತು ತಮ್ಮ ಮಾತು ಹೇಳಿದ ಮೇಲೆ ಅದಕ್ಕೂ ತಲೆಯಾಡಿಸಿದರು. ನಿಜ ಹೇಳಿದರೆ ಸಾಕು ಎಂದುಕೊಂಡಿದ್ದ ನನ್ನ ಜಂಬ ಚೆನ್ನಾಗಿಯೇ ಮುರಿಯಿತು.

ಆಗ ಕೂತು ಆಡಿದ್ದು ಹುಣಸೆ ಬೀಜದ ಆಟ. ದಾಯ ಆಡಲೆಂದು ಒಂದು ಬದಿ ಕಲ್ಲಿಗೆ ತೇದು ಬಿಳಿ ಮಾಡಿಟ್ಟ ಬೀಜಗಳು ನಮ್ಮ ಮನೆಯಲ್ಲಿದ್ದವು. ಮನೆಗೊಂದರಂತೆ ಎಣಿಸಿ ನೆಲದ ಮೇಲೆ ಹರಡಿದೆ, ಎಲ್ಲ ಬಿಳಿ ಮೇಲಾಗಿ. ನಡುವೆ ತೇಯದ ಬೀಜ ಬೆರೆಸಿದೆ. ಅವು ಹೇಗೆ ತಿರುಗಿಸಿದರೂ ಕಪ್ಪೇ. ಕಣ್ಣು ಮುಚ್ಚಿ ಮೂರರ ಮೇಲೆ ಬೆರಳಿಡುವುದು. ಎರಡು ಒಂದೇ ಬಣ್ಣವಾಗಿದ್ದರೆ ಮೂರನೆಯದನ್ನೂ ಆ ಬಣ್ಣಕ್ಕೆ ತಿರುಗಿಸುವುದು. ತೇಯದವು ಮಾತ್ರ ತಿರುಗುವುದಿಲ್ಲ. ಅಂಥದ್ದು ಒಂದೆರಡಿದ್ದಾಗ ನೆಲ ಬಿಳಿಯಾಗಿಯೇ ಇತ್ತು. ನಾಲ್ಕು ಹಾಕಿದೆ. ಬಹಳ ಹೊತ್ತು ಏನೂ ಆಗಲಿಲ್ಲ, ಅಲ್ಲೊಂದು ಇಲ್ಲೊಂದು ಕಪ್ಪಾಗಿ ಮತ್ತೆ ಬಿಳಿಯಾಗುತ್ತಿತ್ತು. ಆಮೇಲೆ, ಎಲ್ಲಿಂದ ಶುರುವಾಯಿತೆಂದು ತಿಳಿಯುವುದರೊಳಗೆ, ನೆಲವೆಲ್ಲ ಕಪ್ಪು. ಅಪ್ಪನ ಬೀಜ ಯಾವುದೆಂದು ಹುಡುಕಿದೆ. ಸಿಗಲಿಲ್ಲ, ಎಲ್ಲ ಒಂದೇ ಥರ ಇದ್ದವು.

ಬೀಜಗಳ ನಡುವೆ ಯಾರೂ ಮೋಸಗಾರರಿರಲಿಲ್ಲ. ನಾನು ಸಿನಿಮಾ ಟಾಕೀಸಿನ ತನಕ ಬೆನ್ನಟ್ಟಿದ ಪಿತೂರಿಯೂ ಇರಲಿಲ್ಲ. ತಿರುಗದವರು ನಾಲ್ವರು, ತಿರುಗುವವರು ಮಿಕ್ಕವರು, ಅಷ್ಟೇ. ಇದು ನನಗೆ ಪಿತೂರಿಗಿಂತ ಹೆಚ್ಚು ಭಯ ಹುಟ್ಟಿಸಿತು.

ಕೆಲವು ಬೀಜಗಳನ್ನು ತೆಗೆದುಕೊಂಡು ಎರಡೂ ಬದಿ ತೇದೆ.

ಎರಡೂ ಬದಿ ಬಿಳಿ ಯಾರು? ನಾನು, ಅಜ್ಜಿ. ಮತ್ತೆ ಬಾಗಿಲು ಬಾಗಿಲಿಗೆ ಮಲ್ಲಿಗೆ ತರುವ ಹೂವಿನಾಕೆ. ತಮಿಳಿನವಳು, ಗಂಡ ಬಿಟ್ಟು ಹೋದಾಗ ಅತ್ತೆಯ ಮನೆಯಲ್ಲಿ ಉಂಡವಳು. ಮೂವರೂ ಹೇಳಬೇಕಾದದ್ದು ಒಂದೇ ಮಾತು ಎಂದು ತೀರ್ಮಾನಿಸಿದೆವು: ಸೀರೆ ಅಂಗಡಿಯಲ್ಲಿದೆ, ಯಾರು ಬೇಕಾದರೂ ಕೊಳ್ಳಬಹುದು. ವಾದ ಮಾಡಬಾರದು, ತಾತನನ್ನು ಬೈಯಬಾರದು, ನಿಲ್ಲಿಸಲೂಬಾರದು. "ದಿನಾ ಹೇಳಿದ್ದೇ ಹೇಳೋಕೆ ನಂಗೆ ಹೇಳ್ಕೊಡ್ಬೇಕಾ, ನನ್ ಕಣ್ಣು?" ಎಂದು ಅಜ್ಜಿ ನಕ್ಕರು. ಬಹಳ ದಿನದ ಮೇಲೆ ನಕ್ಕಿದ್ದು.

ಹೇಳಿದೆವು. ಕೊಳಾಯಿಯ ಹತ್ತಿರ, ಗುಡಿಯಲ್ಲಿ, ಮೊಳ ಹೂವಿನ ಜೊತೆಗೆ. ಮೊದಲು ನಕ್ಕರು, ಆಮೇಲೆ ಬೇಸರಪಟ್ಟರು. ಹೆಂಗಸೊಬ್ಬಳು ಪೇಟೆಗೆ ಹೋದಾಗ ಗಾಜಿನ ಬೀರು ನೋಡಿಬಂದಳು. ಅದಾದ ಮೇಲೆ ಇನ್ನಿಬ್ಬರು ಹೋದರು. ನಾನು ಹೇಳಿದ ವಾಕ್ಯವೇ ಒಂದು ದಿನ ಟೀ ಅಂಗಡಿಯಿಂದ, ಯಾರದೋ ಬಾಯಿಂದ, ನನಗೇ ಬುದ್ಧಿ ಹೇಳುವ ದನಿಯಲ್ಲಿ ತಿರುಗಿ ಬಂತು. ಖುಷಿಯಾಗಬೇಕಿತ್ತು. ನೆಲವೆಲ್ಲ ಕಪ್ಪಾದ ಬೀಜಗಳು ನೆನಪಾದವು.

ನಾಲ್ವರೂ ತೇಯದ ಬೀಜ ಎಂದುಕೊಂಡದ್ದು ನನ್ನ ತಪ್ಪು ಲೆಕ್ಕ. ಅಳಿಯಂದಿರು ಮೊದಲು ಸಡಿಲವಾದರು, ಆಮೇಲೆ ತಮ್ಮ. ನಿಜವಾಗಿ ತೇಯದವರು ಒಬ್ಬರೇ. ಅಮಾವಾಸ್ಯೆಯ ಕೂಟದಲ್ಲಿ, ಮತ್ತೆ ಅತ್ತೆಯ ಪಾವಿಗೆ ಹೋಗೋಣ ಎಂಬ ಮಾತಿನ ಮೇಲೆ ತಟ್ಟೆ ಹತ್ತಿರ ಬರುವ ಮೊದಲೇ ತಾತ ಟವೆಲ್ ಕೊಡವಿ ಎದ್ದು ಹೋದರು. ಎದ್ದು ಹೋದವರಿಗೆ ತಟ್ಟೆ ಹಿಡಿಯುವ ಪದ್ಧತಿಯಿಲ್ಲ. ಮಿಕ್ಕವರೆಲ್ಲ ಎಲೆ ತೆಗೆದರು. ಅಪ್ಪ ಕೆಂಪು ಬಾಯಲ್ಲಿ ನಗುತ್ತಾ ಬಂದರು. ನನಗೆ ನಗು ಬರಲಿಲ್ಲ.

ಮಾರನೆಯ ವಾರ ಅತ್ತೆಯ ಪಾವಿಗೆ ಬೀದಿಯೇ ಬಂತು. ಇಷ್ಟೊಂದು ಕುಂಚ ನಾನು ನೋಡಿರಲಿಲ್ಲ. ಬಿಸಿಲು ಬರುವ ಮೊದಲೇ ಕೆಲಸ ಮುಗಿದು, ಜನ ಮಾತಾಡುತ್ತಾ ನಿಂತರು. ಅಲ್ಲಿಯೇ ನನ್ನ ಕಿವಿಗೆ ಬಿತ್ತು: "ಕಟ್ಟು ಗೊತ್ತಿದ್ದೋರು ಇಬ್ರೇ ಅಲ್ವಾ? ಅವ್ಳಲ್ಲಾಂತ ಆಯ್ತು. ಹಂಗಾದ್ರೆ ಇನ್ಯಾರು?"

ನಾನು ತಿರುಗಿ ನಿಂತು, ಯಾರೂ ಕೊಟ್ಟಿಲ್ಲ, ಅಂಗಡಿಯಲ್ಲಿದೆಯಲ್ಲ ಎಂದೆ. ಅದೇ ನಾವು ಹೇಳೋದು ಎಂದು ತಲೆಯಾಡಿಸಿದರು. ನಮ್ಮ ಮಾತಿನಲ್ಲಿ ಬೀದಿಗೆ ಹಿಡಿಸಿದ್ದು ಅತ್ತೆ ಕಳ್ಳಿಯಲ್ಲ ಎಂಬುದು. ಕಳ್ಳನೇ ಇಲ್ಲ ಎಂಬುದು ಯಾರಿಗೂ ಬೇಕಾಗಿರಲಿಲ್ಲ. ತಾನು ಕೊಟ್ಟು ಹೆಣ್ಣಿನ ಮೇಲೆ ಹಾಕಿದ ಮುದುಕ ಎಂಬ ಮಾತು ಕೊಳಾಯಿಗೂ ಬಂತು.

ಮೂಲೆಮನೆಯ ತಾತ ತಮ್ಮ ಪಾವು ಎಳೆದ ಬೆಳಿಗ್ಗೆ ಬೀದಿಗೆ ಯಾರೂ ಇಳಿಯಲಿಲ್ಲ. ತಮ್ಮನಿಗೆ ಹೊಟ್ಟೆನೋವಂತೆ. ಅಳಿಯಂದಿರು ಪೇಟೆಗೆ. ಮುದುಕ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ತಾವೇ ಎಳೆದು ಹಿಡಿದು, ಮಂಜುಗಣ್ಣಿನಲ್ಲಿ ಬೀದಿಯ ಕಡೆ ನೋಡುತ್ತಾ ನಿಂತಿದ್ದರು. ಗಂಜಿಯ ಪಾತ್ರೆ ನೆಲದ ಮೇಲೆ ಆರುತ್ತಿತ್ತು. ಯಾವ ಜಗುಲಿಯ ಮೇಲಿಂದ ಜನ ಅತ್ತೆಯನ್ನು ನೋಡಿದ್ದರೋ, ಅದೇ ಜಗುಲಿಯ ಮೇಲೆ ನಿಂತು ನಾನೂ ನೋಡುತ್ತಿದ್ದೆ. ನನ್ನ ಸಿಟ್ಟು ಆರಿರಲಿಲ್ಲ. ಅನುಭವಿಸಲಿ ಎಂದೇ ಅನಿಸಿತು.

ಅತ್ತೆ ಮನೆಯಿಂದ ಎರಡು ಕುಂಚ ಹಿಡಿದು ಬಂದಳು. ಒಂದನ್ನು ನನ್ನ ಕೈಗೆ ತುರುಕಿದಳು. "ಇಳಿ ಅಮ್ಮಿಣಿ. ಬಿಸ್ಲು ಬರ್ತಾ ಇದೆ."

"ಅವ್ರಿಗಾ?" ಎಂದೆ.

"ನೂಲಿಗೆ," ಎಂದು ಅತ್ತೆ ಕಂಬದ ಕಡೆ ನಡೆದಳು. ಗಂಟು ಬಿಚ್ಚಿ, ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ವಾಲಿದಳು. ಪಾವು ಬಿಗಿಯಾಯಿತು. ನಾನು ಗಂಜಿಯಲ್ಲಿ ಕುಂಚ ಅದ್ದಿದೆ. ಅಜ್ಜಿ ಮೆಲ್ಲಗೆ ಜಗುಲಿ ಇಳಿದು ನನ್ನ ಎದುರು ಪಕ್ಕಕ್ಕೆ ಬಂದರು. ಅವರ ಹಿಂದೆ, ತಲೆ ತಗ್ಗಿಸಿಕೊಂಡು, ಅಪ್ಪ.

ಬೀದಿಯ ಆ ತುದಿಯಿಂದ ತಾತನ ದನಿ ಬಂತು. ಎಲ್ಲರಿಗೂ ಕೇಳುವಂತೆ, ಮೊದಲ ದಿನದ ಅದೇ ದನಿ.

"ನೀನು ಬಂದು ಹಿಡ್ದೇಂತ ನನ್ ಮಾತು ಮಾರ್ಕೊಳ್ಳಲ್ಲ. ಕೊಟ್ಟೋಳು ನೀನೇ!"

"ಹೇಳ್ತಾ ಇರು ದೊಡ್ಡಪ್ಪ," ಎಂದು ಅತ್ತೆ ಈ ತುದಿಯಿಂದ ಕೂಗಿದಳು. "ಕೈ ಮಾತ್ರ ಸಡಿಲ ಬುಡ್ಬೇಡ."